ನಾಲೆ ನೀರು, ಬಿಳಿ ಅನ್ನ, ನಮ್ಮಪ್ಪನ ಕಾಲು

ಸ್ವಲ್ಪ ಉದ್ದದ ಬರಹ, ಬಿಡುವಾದಾಗ ಓದಿ.

ಈ ವಾರ ನಮ್ಮ ಬೆದ್ದಲಿನ ಇಪ್ಪತ್ತು ಗುಂಟೆ ರಾಗಿ ಒಕ್ಕಣೆ ಮುಗೀತು. ಮಿಷಿನ್ ಬಂತು, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿ ಹೋಯ್ತು. ನಾನು ಮರದ ನೆರಳಲ್ಲಿ ನಿಂತು ಫೋನ್ ನೋಡ್ತಾ ಇದ್ದೆ. ಇಷ್ಟೇ ರಾಗಿಗೆ ನಮ್ಮ ತಾತನ ಕಾಲದಲ್ಲಿ ಕಣ ಮಾಡಿ, ಸಗಣಿ ಬಳಿದು, ಮೆದೆ ಕೆಡವಿ, ಎತ್ತಿಗೆ ರೋಣಗಲ್ಲು ಕಟ್ಟಿ, ಗಾಳಿ ಬಂದಾಗ ತೂರಿ, ಮನೆ ಮಂದಿಯೆಲ್ಲ ಮೂರು ದಿನ ಬೆವರು ಸುರಿಸ್ತಿದ್ರು. ಮಿಷಿನ್ ಬಂದಿದ್ದಕ್ಕೆ ನನಗೆ ಬೇಸರ ಇಲ್ಲ, ಕೂಲಿಗೆ ಜನ ಎಲ್ಲಿದ್ದಾರೆ? ಆದರೆ ಹೋದ ತಿಂಗಳು ನಡೆದ ಒಂದು ಸಂಗತಿಯಿಂದ ಇದನ್ನೆಲ್ಲ ಬೇರೆ ರೀತಿ ನೋಡೋ ಹಾಗಾಗಿದೆ.

ನಮ್ಮ ಡೇರಿ ಹತ್ರ ಶುಗರ್, ಬಿಪಿ ನೋಡೋ ಕ್ಯಾಂಪ್ ಹಾಕಿದ್ರು. ಹಾಲು ಹಾಕಿ ಬರುವಾಗ ಖಾಲಿ ಹೊಟ್ಟೇಲೇ ಇದ್ದೆ, ಬೆರಳು ಕೊಟ್ಟೆ. 116 ಬಂತು. ಸಿಸ್ಟರಮ್ಮ "ಇದು ಇನ್ನೂ ಕಾಯಿಲೆ ಅಲ್ಲ ಅಣ್ಣ, ಆದರೆ ಬಾಗಿಲಿಗೆ ಬಂದು ನಿಂತಿದೆ" ಅಂದ್ರು. ಖಾಲಿ ಹೊಟ್ಟೇಲಿ 126 ದಾಟಿ, ಇನ್ನೊಂದು ಸಲ ನೋಡಿದಾಗಲೂ ಹಾಗೇ ಇದ್ದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕವಂತೆ. ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆ ಚಿಕ್ಕಪ್ಪ ನಕ್ಕು, "ಸುಮ್ನಿರಮ್ಮ, ನಾವು ಹಿಟ್ಟು ಉಣ್ಣೋ ಜನ, ಗೇಯ್ಮೆ ಮಾಡೋ ಜನ, ನಮಗೆಲ್ಲಿಂದ ಶುಗರ್ರು" ಅಂದ. ಅವನಿಗೆ 210 ಬಂತು. ನಗು ನಿಂತು ಹೋಯ್ತು.

ನನಗೆ ನಗು ಬರಲಿಲ್ಲ, ಯಾಕೆಂದರೆ ನನಗೆ ನಮ್ಮಪ್ಪನ ನೆನಪಾಯ್ತು. ಅಪ್ಪನೂ ಇದೇ ಮಾತು ಹೇಳ್ತಿದ್ದ. ಕಬ್ಬಿನ ಗದ್ದೇಲಿ ಕೂಳೆ ತಗುಲಿ ಅಂಗಾಲಲ್ಲಿ ಗಾಯ ಆಗಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರ ಸತ್ತ ಹಾಗಾಗಿ ನೋವೇ ಗೊತ್ತಾಗಲ್ಲ, ರಕ್ತ ಓಡಾಟವೂ ಕಮ್ಮಿ ಆಗಿ ಗಾಯ ಮಾಯಲ್ಲ. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ. ಹತ್ತು ದಿನ ಅರಿಶಿನ ಮೆತ್ತಿಕೊಂಡು ಕೆಸರಲ್ಲೇ ಓಡಾಡಿದ. ಆಸ್ಪತ್ರೆಗೆ ಹೋದಾಗ ಬೆರಳು ಕಪ್ಪಾಗಿತ್ತು. ಮೊಣಕಾಲ ಕೆಳಗೆ ತೆಗೆದ್ರು. ಆಮೇಲೆ ಮೂರು ವರ್ಷ ಜಗಲಿ ಮೇಲೆ ಕೂತು, ಗದ್ದೆ ಕಡೆ ಹೋಗೋರನ್ನ ಮಾತಾಡಿಸ್ತಾ ಇದ್ದು ಹೋಗ್ಬಿಟ್ಟ.

ಹಿಟ್ಟು ಉಣ್ಣೋ, ಗೇಯ್ಮೆ ಮಾಡೋ ಜನಕ್ಕೆ ಈ ಕಾಯಿಲೆ ಹೆಂಗೆ ಬಂತು? ಕ್ಯಾಂಪಿನಿಂದ ಬಂದ ಮೇಲೆ ಇದೇ ಪ್ರಶ್ನೆ ತಲೇಲಿ ಕೊರೀತಾ ಇತ್ತು. ಸಿಕ್ಕಿದ್ದನ್ನ ಓದಿದೆ, ಹಿರಿಯರನ್ನ ಕೇಳಿದೆ, ಮನೆ ದಿನಸಿ ಚೀಟಿ ತೆಗೆದು ಲೆಕ್ಕ ಹಾಕಿದೆ. ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಮಾತು. ಹಿಂದಿನ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ನಮ್ಮ ಅಜ್ಜಿ "ಧಾತು ಬರ" ಅಂತ ಅವರ ಅಜ್ಜಿ ಹೇಳಿದ್ದನ್ನ ಹೇಳೋರು. ಅದು 1876ರಿಂದ 1878ರವರೆಗಿನ ಬರ. ಮೈಸೂರು ಸಂಸ್ಥಾನದ ಜನ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಜಾಸ್ತಿ ಇದ್ದೋರು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ರು. ಮಳೆ ನಂಬಿದ ರಾಗಿ, ಕೆರೆ ನಂಬಿದ ತುಂಡು ಗದ್ದೆ, ಎರಡೂ ಕೈಕೊಟ್ಟರೆ ಸಾವೇ ಗತಿ. ಅದಕ್ಕೇ ಊರೂರಲ್ಲಿ ಹಗೇವು ತೋಡಿ ರಾಗಿ ತುಂಬಿಡ್ತಿದ್ರು. ರಾಗಿ ವರ್ಷಗಟ್ಟಲೆ ಹುಳ ಹಿಡಿಯಲ್ಲ, ಅದೇ ಅದರ ದೊಡ್ಡ ಗುಣ.

ಅಂಥಾ ಬರ ಕಂಡ ಸೀಮೆಗೆ ನೀರು ಬಂದಿದ್ದು ಕನ್ನಂಬಾಡಿಯಿಂದ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗೀತು. ಹುಲಿಕೆರೆ ಸುರಂಗ ಕೊರೆದು ಇರ್ವಿನ್ ನಾಲೆ ತಂದ್ರು. ಅದೇ ನಮ್ಮ ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಇದ್ದೋರಲ್ಲಿ ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು ಮುಖ್ಯ. ಕೆನಡಾ ದೇಶದೋರು, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದನ್ನ ನಮ್ಮ ಮಲೆನಾಡಿಗೆ ಕಲಿಸಿದೋರೂ ಅವರೇ. 1939ರಲ್ಲಿ ಮಂಡ್ಯ ಜಿಲ್ಲೆ ಆಯ್ತು. ರಾಗಿ ಹೊಲ ಗದ್ದೆ ಆಯ್ತು, ಗದ್ದೇಲಿ ಭತ್ತ ಬಂತು, ಕಬ್ಬು ಬಂತು. ನಮ್ಮ ಮಕ್ಕಳು ಓದಿದ್ದು, ನಮ್ಮ ಮನೆ ಹೆಂಚು ಕಂಡಿದ್ದು ಇದರಿಂದಲೇ. ನಾಲೆಯನ್ನ ಬೈಯೋನು ಅನ್ನ ತಿನ್ನಬಾರದು.

ಆದರೆ ನೀರಿನ ಜೊತೆ ತಟ್ಟೆಯೂ ಬದಲಾಯ್ತು. ನಮ್ಮ ತಾತ ಹುಡುಗನಾಗಿದ್ದಾಗ ಅನ್ನ ಅಂದರೆ ಯುಗಾದಿ, ಗೌರಿ ಹಬ್ಬ, ಇಲ್ಲ ನೆಂಟರು ಬಂದಾಗ. ಮಿಕ್ಕ ದಿನ ಬೆಳಿಗ್ಗೆ ತಂಗಳು ಹಿಟ್ಟು ಇಲ್ಲ ಅಂಬಲಿ, ಮಧ್ಯಾಹ್ನ ಹೊಲಕ್ಕೆ ಬುತ್ತಿ, ರಾತ್ರಿ ಬಿಸಿ ಹಿಟ್ಟು, ಬಸ್ಸಾರು. ಆ ಬಸ್ಸಾರಿಗೆ ಬೇಕಾಗಿದ್ದೆಲ್ಲ ರಾಗಿ ಹೊಲದ ಅಕ್ಕಡಿ ಸಾಲಲ್ಲೇ ಇತ್ತು: ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಬದುವಿನ ಮೇಲೆ ಸೊಪ್ಪು ಪುಕ್ಕಟೆ. ರಾಗಿ ಹೊಲ ಗದ್ದೆ ಆದಾಗ ಬರೀ ರಾಗಿ ಹೋಗಲಿಲ್ಲ, ಅಕ್ಕಡಿ ಸಾಲೂ ಹೋಯ್ತು. ಭತ್ತದ ಗದ್ದೆ ನೀರಲ್ಲಿ ಅವರೆ ಬರುತ್ತಾ? ಕಾಳು, ಸೊಪ್ಪು ಅಂಗಡಿಯಿಂದ ತರೋ ವಸ್ತುವಾದವು, ತರೋ ವಸ್ತು ಅಂದಮೇಲೆ ಕಮ್ಮಿಯಾದವು. ಇದನ್ನ ನಾನು ಇಷ್ಟು ದಿನ ಯೋಚನೆ ಮಾಡೇ ಇರಲಿಲ್ಲ. ಮುದ್ದೆ ಹೋಗಿದ್ದು ಎಲ್ಲರಿಗೂ ಕಾಣುತ್ತೆ, ಮುದ್ದೆ ಪಕ್ಕದಲ್ಲಿದ್ದದ್ದು ಹೋಗಿದ್ದು ಕಾಣಲ್ಲ.

ಎರಡನೇದು ಮಿಲ್ಲು. ಅಜ್ಜಿ ಕಾಲದಲ್ಲಿ ಭತ್ತ ಒರಳಲ್ಲಿ ಹಾಕಿ ಒನಕೇಲಿ ಕುಟ್ಟೋರು. ಎಷ್ಟು ಕುಟ್ಟಿದರೂ ಅಕ್ಕಿಗೆ ಸ್ವಲ್ಪ ತೌಡು ಅಂಟಿಕೊಂಡೇ ಇರೋದು. ಹಲ್ಲರ್ ಮಿಲ್ಲು ಬಂದ ಮೇಲೆ ಹೆಂಗಸರ ರಟ್ಟೆಗೆ ವಿಶ್ರಾಂತಿ ಸಿಕ್ತು, ಅಕ್ಕಿ ಮಲ್ಲಿಗೆ ಹೂವಿನಂಗೆ ಬೆಳ್ಳಗಾಯ್ತು, ತೌಡು ಹಸು ಎಮ್ಮೆಗೆ ಹೋಯ್ತು. ಸತ್ವ ಇದ್ದದ್ದು ಆ ತೌಡಲ್ಲಿ.

ಇದನ್ನ ಮೊದಲು ಪತ್ತೆ ಹಚ್ಚಿದ್ದು ಕೋಳಿಗಳಿಂದ ಅಂದರೆ ನಂಬ್ತೀರಾ? 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಅಂತ ಡಚ್ ವೈದ್ಯರಿದ್ರು. ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಬಿದ್ದು ನಿಲ್ಲಕ್ಕಾಗದೆ ಹೋದವು, ತೌಡು ಇದ್ದ ಅಕ್ಕಿ ಹಾಕಿದಾಗ ಎದ್ದು ಓಡಾಡಿದವು. ಮನುಷ್ಯರ ಬೆರಿಬೆರಿ ಕಾಯಿಲೆ ಗುಟ್ಟು ಅಲ್ಲಿತ್ತು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ನಮ್ಮ ಪಕ್ಕದ ನೀಲಗಿರಿಯ ಕೂನೂರಲ್ಲೇ ರಾಬರ್ಟ್ ಮೆಕ್ಯಾರಿಸನ್ ಅನ್ನೋ ವೈದ್ಯರು ಇಲಿಗಳಿಗೆ ದೇಶದ ಬೇರೆ ಬೇರೆ ಸೀಮೆಯ ಊಟ ಹಾಕಿ ನೋಡಿದ್ರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಕಾಳು, ತರಕಾರಿ ಇದ್ದ ಪಂಜಾಬಿನ ಸಿಖ್ಖರ ಊಟ ತಿಂದ ಇಲಿಗಳು ದಷ್ಟಪುಷ್ಟ. ಬಿಳಿ ಅನ್ನವೇ ಮುಖ್ಯವಾಗಿದ್ದ ಊಟ ತಿಂದವು ಸಣಕಲು. 1934ರ ಕೊನೇಲಿ ಗಾಂಧೀಜಿ ಗ್ರಾಮೋದ್ಯೋಗ ಸಂಘ ಶುರು ಮಾಡಿದಾಗ ಮಿಲ್ಲಿನ ಪಾಲಿಷ್ ಅಕ್ಕಿ ಬಿಡಿ, ಕುಟ್ಟಿದ ಅಕ್ಕಿ ತಿನ್ನಿ ಅಂತ ಊರೂರಿಗೆ ಹೇಳಿದ್ರು. ಕೇಳಿದೋರು ಕಮ್ಮಿ. ಬಿಳಿ ಅನ್ನ ಅಂದರೆ ಮರ್ಯಾದೆ ಅಂತ ಆಗಿಬಿಟ್ಟಿತ್ತು. ನೆಂಟರಿಗೆ ಹಿಟ್ಟು ಇಕ್ಕಿದರೆ ಬಡವರು ಅಂದುಕೊಳ್ತಾರೆ ಅನ್ನೋ ಭಯ ನಮ್ಮವ್ವನಿಗೂ ಇತ್ತು.

ಇನ್ನು ಮೂರನೇದು ಗೇಯ್ಮೆ. ಮೊನ್ನೆ ಮರದ ನೆರಳಲ್ಲಿ ನಿಂತಾಗ ನನಗೆ ಹೊಳೆದದ್ದು ಇದೇ. ನಮ್ಮ ತಾತ ಕಪಿಲೆ ಹೊಡೀತಿದ್ದ. ಅಪ್ಪ ನೇಗಿಲು ಹಿಡಿದು ಎತ್ತಿನ ಹಿಂದೆ ದಿನವೆಲ್ಲ ನಡೀತಿದ್ದ. ನಾನು ಮೊದಮೊದಲು ಟಿಲ್ಲರ್ ಹಿಂದೆ ನಡೆದೆ, ಈಗ ಬಾಡಿಗೆ ಟ್ರ್ಯಾಕ್ಟರ್ ಕರೆಸ್ತೀನಿ. ಮೋಟರ್ ಆನ್ ಮಾಡೋಕೂ ಫೋನೇ ಸಾಕು. ಮನೆಯಿಂದ ಗದ್ದೆಗೆ ಬೈಕು, ಡೇರಿಗೆ ಬೈಕು, ಟೀ ಅಂಗಡಿಗೂ ಬೈಕು. ರೈತ ಅನ್ನೋ ಹೆಸರು ಹಾಗೇ ಇದೆ, ರೈತನ ಮೈಕೆಲಸ ಹೋಗಿದೆ. ಹೊಟ್ಟೆಗೆ ಮಾತ್ರ ಅದು ಗೊತ್ತಿಲ್ಲ, ನೇಗಿಲು ಹಿಡಿದೋನ ತಟ್ಟೆಯನ್ನೇ ಈಗಲೂ ಕೇಳುತ್ತೆ.

ಇದಕ್ಕೊಂದು ಹಳೇ ಪುರಾವೆ ಇದೆ, ಲಂಡನ್ ಬಸ್ಸುಗಳದ್ದು. ಅಲ್ಲಿಯ ಬಸ್ಸು ಎರಡು ಅಂತಸ್ತಿಂದು. ಆಗ ಡ್ರೈವರ್ ದಿನವೆಲ್ಲ ಕೂತಿರ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡೋಕೆ ಮೆಟ್ಟಿಲು ಹತ್ತಿ ಇಳೀತಾನೇ ಇರ್ತಿದ್ದ. ಇಬ್ಬರೂ ಒಂದೇ ಊರಿನೋರು, ಒಂದೇ ಥರದ ಸಂಸಾರ. ಜೆರ್ರಿ ಮಾರಿಸ್ ಅನ್ನೋ ವೈದ್ಯರು ಮತ್ತು ಜೊತೆಯೋರು 1953ರಲ್ಲಿ ಲೆಕ್ಕ ಪ್ರಕಟ ಮಾಡಿದ್ರು: ಕಂಡಕ್ಟರುಗಳಿಗಿಂತ ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ. ಮೆಟ್ಟಿಲು ಹತ್ತೋದು ಒಂದು ದಿನಕ್ಕೆ ಏನೂ ಅಲ್ಲ. ಇಪ್ಪತ್ತು ವರ್ಷಕ್ಕೆ ಅದು ಎದೆಯನ್ನ ಕಾಯ್ದಿತ್ತು. ನಮ್ಮ ಅಪ್ಪಂದಿರು ಕಂಡಕ್ಟರ್ ಥರ ಬದುಕಿದ್ರು, ನಾವು ಡ್ರೈವರ್ ಸೀಟಲ್ಲಿ ಕೂತಿದ್ದೀವಿ.

ಹಂಗಾದರೆ ನಡೆದು ಗೇಯ್ದ ನಮ್ಮಪ್ಪನಿಗೆ ಯಾಕೆ ಬಂತು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅಪ್ಪ ಐವತ್ತರ ತನಕ ನೇಗಿಲು ಹಿಡಿದ. ಆಮೇಲೆ ಎತ್ತು ಮಾರಿ, ಸೊಸೈಟಿ ಕಟ್ಟೆ ಮೇಲೆ ಕೂರೋದು ಶುರುವಾಯ್ತು. ಗೇಯ್ಮೆ ನಿಂತಿತು, ಊಟ ನಿಲ್ಲಲಿಲ್ಲ. ಮೂರು ಹೊತ್ತೂ ಅನ್ನ, ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು, ದಿನಕ್ಕೆ ಏಳೆಂಟು ಟೀ. ವಂಶದಲ್ಲಿ ಬರೋದೂ ಒಂದು ಪಾಲು ಇರುತ್ತೆ, ಅದು ನಮ್ಮ ಕೈಲಿಲ್ಲ. ಮಿಕ್ಕದ್ದು ದಿನಾ ಮಾಡೋ ರೂಢಿ.

ಟೀ ಮಾತು ಬಂತಲ್ಲ, ಅದರದ್ದೂ ಚರಿತ್ರೆ ಇದೆ. ನಮ್ಮ ಹಳ್ಳಿಗಳಲ್ಲಿ ನೂರು ವರ್ಷದ ಹಿಂದೆ ಟೀ ಕುಡಿಯೋರು ಅಪರೂಪ. 1930ರ ದಶಕದಲ್ಲಿ ಟೀ ತೋಟದೋರಿಗೆ ಹೊರದೇಶದ ಮಾರುಕಟ್ಟೆ ಕುಸಿದಾಗ, ಟೀ ಪ್ರಚಾರದ ಮಂಡಳಿಯೋರು ದೇಶದ ಹಲವು ಊರುಗಳಿಗೆ ಹೋಗಿ ಟೀ ಮಾಡಿ ತೋರಿಸಿ, ಪುಕ್ಕಟೆ ಕುಡಿಸಿ ರೂಢಿ ಹತ್ತಿಸಿದ್ರು. ಟೀ ಪಾಡಿಗೆ ಟೀ ಇರಲಿ, ಅದರ ಹಿಂದೆ ಸಕ್ಕರೆ ಬಂತು. ಲೆಕ್ಕ ನೋಡಿ: ಒಂದು ಲೋಟಕ್ಕೆ ಎರಡು ಚಮಚ ಅಂದರೆ ಸುಮಾರು 10 ಗ್ರಾಂ. ಐದು ಲೋಟಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಒಬ್ಬನಿಗೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತೆ. ಕಬ್ಬು ಬೆಳೆಯೋ ನಾನು ಇದನ್ನ ಬರೀಬೇಕಾದರೆ ಕೈ ತಡೆಯುತ್ತೆ, ಆದರೆ ಬೆಳೆದದ್ದನ್ನೆಲ್ಲ ನಾವೇ ತಿಂದು ಮುಗಿಸಬೇಕು ಅಂತ ಯಾರೂ ಹೇಳಿಲ್ಲವಲ್ಲ.

2013ರ ಜುಲೈಯಲ್ಲಿ ಅನ್ನಭಾಗ್ಯ ಬಂತು. ಹಸಿವು ಕಂಡ ಮನೆಗೆ ಅದು ದೊಡ್ಡ ಆಸರೆ, ಅದರ ಬಗ್ಗೆ ಹಗುರವಾಗಿ ಮಾತಾಡೋನು ಹಸಿದವನಲ್ಲ. ಆದರೆ ಅಕ್ಕಿ ಅಗ್ಗ, ಕಾಳು ದುಬಾರಿ ಆದಾಗ ತಟ್ಟೇಲಿ ಅನ್ನದ ಗುಡ್ಡೆ ದೊಡ್ಡದಾಗಿ, ಪಕ್ಕದ ಪಲ್ಯ ಉಪ್ಪಿನಕಾಯಿಯಷ್ಟಾಯ್ತು.

"ನಾವು ಹಿಟ್ಟು ಉಣ್ಣೋ ಜನ" ಅಂದನಲ್ಲ ಚಿಕ್ಕಪ್ಪ, ಅದು ನಿಜವಾ ಅಂತ ನಮ್ಮ ಮನೆ ಒಂದು ತಿಂಗಳ ಲೆಕ್ಕ ತೆಗೆದೆ. ನಾವು ನಾಲ್ಕು ಜನ. ಅಕ್ಕಿ 38 ಕಿಲೋ, ರಾಗಿ 9 ಕಿಲೋ, ಸಕ್ಕರೆ 5 ಕಿಲೋ, ಎಣ್ಣೆ 4 ಲೀಟರ್. ಎಲ್ಲ ಕಾಳು ಬೇಳೆ ಸೇರಿ ಮೂರೂವರೆ ಕಿಲೋ. ರಾಗಿ ಬೆಳೆದು ಮನೇಲಿಟ್ಟುಕೊಂಡಿರೋ ನಮ್ಮ ಮನೆ ಕಥೆಯೇ ಇದು. ನಾವು ಹಿಟ್ಟು ಉಣ್ಣೋರು ಅನ್ನೋದು ಬಾಯಿ ಮಾತಾಗಿ ಉಳಿದಿದೆ. ನೀವೂ ಒಂದು ಸಲ ಲೆಕ್ಕ ಹಾಕಿ ನೋಡಿ.

ಹಾಗಂತ ಮುದ್ದೆ ತಿಂದುಬಿಟ್ಟರೆ ಆಯ್ತು ಅಂತಲೂ ಅಲ್ಲ. ರಾಗಿ ಮೇಲೆ ನನಗೆ ಅಭಿಮಾನ ಇದೆ. ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನೋರು ನಮ್ಮ ರಾಗಿಗೆ ಆಫ್ರಿಕಾ ರಾಗಿ ಕೂಡಿಸಿ ಇಂಡಾಫ್ ತಳಿ ತಂದಿದ್ದರಿಂದ ಇಳುವರಿ ಎಷ್ಟು ಏರಿತು ಅನ್ನೋದು ಈ ಸೀಮೆ ರೈತರಿಗೆ ಗೊತ್ತು. ನೂರು ಗ್ರಾಂ ರಾಗೀಲಿ ನಾರು ಸುಮಾರು 11 ಗ್ರಾಂ, ಬಿಳಿ ಅಕ್ಕೀಲಿ 3 ಗ್ರಾಂ ಒಳಗೆ. ಸುಣ್ಣದ ಸತ್ವ ರಾಗೀಲಿ 340 ಮಿಲಿಗ್ರಾಂಗೂ ಮೇಲೆ, ಅಕ್ಕೀಲಿ ಹತ್ತರ ಆಸುಪಾಸು. ಇಷ್ಟಿದ್ದರೂ ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟಿನ ಮುದ್ದೆ ರಕ್ತದಲ್ಲಿ ಸಕ್ಕರೆಯನ್ನ ಬೇಗ ಏರಿಸುತ್ತೆ. ಕೂತು ತಿನ್ನೋನಿಗೆ ಎರಡು ದೊಡ್ಡ ಮುದ್ದೆ, ಮೇಲೊಂದು ತಟ್ಟೆ ಅನ್ನ ಆದರೆ ರಾಗಿಯಮ್ಮನೂ ಕಾಪಾಡಲ್ಲ. ತಾತನನ್ನ ಕಾಯ್ದದ್ದು ಮುದ್ದೆ ಒಂದೇ ಅಲ್ಲ. ಬೀಸೋ ಕಲ್ಲಿನ ತರಿ ಹಿಟ್ಟು, ಜೊತೇಲಿದ್ದ ಸೊಪ್ಪು ಕಾಳು, ನೇಗಿಲ ಹಿಂದಿನ ನಡಿಗೆ, ಟೀ ಬೇಕರಿ ಇಲ್ಲದ ದಿನ, ಕತ್ತಲಾದರೆ ನಿದ್ದೆ, ಎಲ್ಲ ಸೇರಿತ್ತು. ಅದರಲ್ಲೂ ಬೇರೆ ಕಾಯಿಲೆಗಳು ಜನರನ್ನ ಬೇಗ ಕೊಂಡೊಯ್ತಿದ್ದವು ಅನ್ನೋದನ್ನ ಮರೆಯೋ ಹಾಗಿಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದೋರ ಸರಾಸರಿ ಆಯಸ್ಸು ಸುಮಾರು 32 ವರ್ಷ.

ಈಗ ದೇಶದ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಲ್ಲ ರಾಜ್ಯಗಳಲ್ಲಿ ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಂತು. ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ನನ್ನ ಹಾಗೆ ಬಾಗಿಲಲ್ಲಿ ನಿಂತೋರು 13 ಕೋಟಿಗೂ ಜಾಸ್ತಿ. ಪಟ್ಟಣದಲ್ಲಿ ದೊಡ್ಡವರಲ್ಲಿ 100ಕ್ಕೆ 16, ಹಳ್ಳೀಲಿ 100ಕ್ಕೆ ಸುಮಾರು 9. ಇದು ಪಟ್ಟಣದ ಸಾಹುಕಾರರ ಕಾಯಿಲೆ ಅನ್ನೋ ಮಾತು ಇನ್ನು ನಡೆಯಲ್ಲ.

ಇನ್ನು ನನಗೆ ಧೈರ್ಯ ಕೊಟ್ಟ ಸಂಗತಿ. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಮತ್ತು ಜೊತೆಯೋರು ಬಾಗಿಲಲ್ಲಿ ನಿಂತಿದ್ದ 531 ಜನರನ್ನ ಮೂರು ವರ್ಷ ನೋಡಿಕೊಂಡ್ರು. 2006ರಲ್ಲಿ ಫಲಿತಾಂಶ ಬಂತು. ಮಾಮೂಲಿ ಸಲಹೆ ಕೊಟ್ಟು ಬಿಟ್ಟ ಗುಂಪಲ್ಲಿ 100ಕ್ಕೆ 55 ಜನಕ್ಕೆ ಕಾಯಿಲೆ ಬಂತು. ಊಟ, ನಡಿಗೆ ಬದಲಾಯಿಸಿದ ಗುಂಪಲ್ಲಿ 39 ಜನಕ್ಕೆ. ಮಾತ್ರೆ ಕೊಟ್ಟ ಗುಂಪಲ್ಲಿ 40 ಚಿಲ್ಲರೆ. ಅಂದರೆ ಆ ಹಂತದಲ್ಲಿ ರೂಢಿ ಬದಲಾಯಿಸೋದು ಮಾತ್ರೆಯಷ್ಟೇ ಕೆಲಸ ಮಾಡಿತು. ಏನು ಬದಲಾಯಿಸಿದ್ರು ಅಂದರೆ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೀರಿ, ಬಿಳಿ ಅನ್ನದಂಥಾದ್ದು, ಸಕ್ಕರೆ, ಎಣ್ಣೆ ಕಮ್ಮಿ ಮಾಡಿ, ನಾರು ಜಾಸ್ತಿ ಮಾಡಿ. ಇಷ್ಟೇ. ಮೈಮುರಿದು ದುಡಿಯೋರಿಗೆ ಇದ್ದದ್ದನ್ನೇ ಮುಂದುವರಿಸಿ ಅಂದ್ರು. ಎಲ್ಲರಿಗೂ ತಪ್ಪಲಿಲ್ಲ ನಿಜ, ಮಾಡಿದೋರಲ್ಲೂ 39 ಜನಕ್ಕೆ ಬಂತು. ಆದರೆ ನೂರರಲ್ಲಿ ಹದಿನಾರು ಮನೆ ಕಡಿಮೆ ಸಂಕಟ ಅಂದರೆ ಸಣ್ಣದಲ್ಲ.

ನಾನು ಏನು ಮಾಡ್ತಿದ್ದೀನಿ ಅಂತ ಹೇಳ್ತೀನಿ, ಉಪದೇಶ ಅಂದುಕೊಳ್ಳಬೇಡಿ. ಮುಕ್ಕಾಲು ಮೈಲಿ ದೂರದ ಗದ್ದೆಗೆ ಬೈಕ್ ಬಿಟ್ಟು ನಡೆದು ಹೋಗ್ತೀನಿ. ಟೀ ಎರಡು ಹೊತ್ತು, ಅರ್ಧ ಚಮಚ ಸಕ್ಕರೆ. ಮೊದಲ ವಾರ ಕಷಾಯ ಕುಡಿದ ಹಾಗಿತ್ತು, ಈಗ ಹೊಂದಿಕೊಂಡೆ. ರಾತ್ರಿ ಒಂದೇ ಮುದ್ದೆ, ಹಿಟ್ಟು ಜರಡಿ ಹಿಡಿಯದೆ ತರಿಯಾಗೇ ಬೀಸಿಸಿದ್ದು. ಮೇಲೆ ಅನ್ನ ಇಲ್ಲ, ಸಾರಲ್ಲಿ ಕಾಳು ಜಾಸ್ತಿ. ಹೊಗೆಸೊಪ್ಪು ಬಿಡೋಕೆ ಇನ್ನೂ ಒದ್ದಾಡ್ತಿದ್ದೀನಿ, ಸುಳ್ಳು ಹೇಳಲ್ಲ. ಮುಂದಿನ ಮುಂಗಾರಿಗೆ ರಾಗಿ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಹಾಕ್ತೀನಿ. ಮಿಷಿನ್ ಕೊಯ್ಲಿಗೆ ತೊಂದರೆ ಆಗುತ್ತೆ ಅಂತ ಬಿಟ್ಟಿದ್ದು, ಮನೆ ಮಟ್ಟಿಗೆ ಐದು ಗುಂಟೇಲಾದರೂ ಇರಲಿ.

ಆಗಲೇ ಮಾತ್ರೆ ತಗೊಳ್ಳೋರು ಇದನ್ನ ಓದಿ ಮಾತ್ರೆ ಬಿಡಬೇಡಿ, ಡಾಕ್ಟರನ್ನ ಕೇಳಿ. ಮೂವತ್ತು ದಾಟಿದ ಎಲ್ಲರೂ ಸರ್ಕಾರಿ ಆಸ್ಪತ್ರೇಲಿ ಶುಗರ್, ಬಿಪಿ ನೋಡಿಸಿಕೊಳ್ಳಿ, ದುಡ್ಡಿಲ್ಲ. ಹೆಂಗಸರನ್ನೂ ಕರ್ಕೊಂಡು ಹೋಗಿ, ನಮ್ಮ ಕ್ಯಾಂಪಲ್ಲಿ ಅವರು ಮುಸುರೆ ಕೆಲಸ ಇದೆ ಅಂತ ಬರಲೇ ಇಲ್ಲ. ಶುಗರ್ ಇರೋರು ಗದ್ದೆಗೆ ಬರಿಗಾಲಲ್ಲಿ ಇಳೀಬೇಡಿ, ರಬ್ಬರ್ ಬೂಟು ಹಾಕಿ. ರಾತ್ರಿ ಮಲಗೋ ಮುಂಚೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ, ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳ ಕೈಲಿ ನೋಡಿಸಿ. ನಮ್ಮಪ್ಪನ ಅಂಗಾಲನ್ನ ಆ ಹತ್ತು ದಿನದಲ್ಲಿ ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.

ಚಿಕ್ಕಪ್ಪನನ್ನ ಸೋಮವಾರ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಊರಿಂದ ಯಾರಾದರೂ ಬರೋದಿದ್ದರೆ ಬೆಳಿಗ್ಗೆ ಏನೂ ತಿನ್ನದೆ ಎಂಟು ಗಂಟೆಗೆ ಡೇರಿ ಹತ್ರ ಬನ್ನಿ, ಆಟೋ ಹೇಳಿದ್ದೀನಿ.